ಕೆಂಪು ನೀರು, ಹಸಿರು ದೀಪ

ಜುಲೈ ತಿಂಗಳಲ್ಲಿ ಕಣಕುಂಬಿಯ ಮಳೆ ನಿಲ್ಲುವುದಿಲ್ಲ, ಸ್ವಲ್ಪ ಸಣ್ಣಗಾಗುತ್ತದೆ, ಅಷ್ಟೇ. ಮಲಪ್ರಭೆ ಹುಟ್ಟುವ ಊರಿದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಪಂಚಾಯ್ತಿಗೊಂದರಂತೆ ನಿಲ್ಲಿಸಿದ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿನ ಯಲಹಂಕಕ್ಕೆ ಲೆಕ್ಕ ಕಳಿಸುತ್ತವೆ. ಬಿಸಿಲಿನಿಂದ ಕರೆಂಟು, ಸಿಮ್‌ನಿಂದ ಮಾತು. ಇಂಥ ಯಂತ್ರದ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಇರುವುದು ಎರಡು ಪುಟ್ಟ ಬಟ್ಟಲು. ಒಂದು ತುಂಬಿದರೆ ಮಗುಚಿಕೊಳ್ಳುತ್ತದೆ, ಇನ್ನೊಂದು ಮೇಲೇಳುತ್ತದೆ. ಎಷ್ಟು ಸಲ ಮಗುಚಿತೆಂದು ಎಣಿಸಿದರೆ ಮಳೆಯ ಲೆಕ್ಕ. ಆಲಿಕೆಯ ಬಾಯಿಗೆ ಒಂದು ಹಲಸಿನ ಎಲೆ ಬಿದ್ದು ಅಂಟಿತೋ, ಇಲ್ಲಿ ಕಂಬಳಿಕೊಪ್ಪೆಯಿಂದಲೂ ನೀರು ಸೋರುತ್ತಿರುವಾಗ ಅಲ್ಲಿ ಪರದೆಯ ಮೇಲೆ ಮಳೆ ಸೊನ್ನೆ. ಏಣಿ ಹತ್ತಿ ಎಲೆ ತೆಗೆಯುವ ಕೆಲಸವನ್ನು ಇನ್ನೂ ಯಾವ ಯಂತ್ರವೂ ಕಲಿತಿಲ್ಲ.

ಹೊಳೆ ಖಾನಾಪುರದ ಸೇತುವೆ ಮುಟ್ಟುವ ಹೊತ್ತಿಗೆ ಮಣ್ಣಿನ ಬಣ್ಣ ಹಿಡಿದಿರುತ್ತದೆ. ಹೆಂಚಿಗೂ ಮಡಕೆಗೂ ಹೆಸರಾದ ಮಣ್ಣು ಇಲ್ಲಿಯದು. ಕುಂಬಾರಿಕೆ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆಯೇ ಈ ಊರಲ್ಲಿದೆ. ಅದೇ ಮಣ್ಣು ಮಳೆಗಾಲದಲ್ಲಿ ನೀರಿಗಿಳಿದು ಹೊಳೆಯನ್ನು ಚಹಾದಂತೆ ಮಾಡುತ್ತದೆ. ನೀರಿನ ಕದಡನ್ನು ಅಳೆಯುವ ಸೆನ್ಸರಿನ ತತ್ತ್ವ ಸರಳ: ಒಂದು ಕಡೆಯಿಂದ ಅತಿಗೆಂಪು ಬೆಳಕು ಬಿಡುವುದು, ಪಕ್ಕದಲ್ಲೊಂದು ಕಣ್ಣಿಟ್ಟು ಮಣ್ಣಿನ ಕಣಕ್ಕೆ ತಾಗಿ ಎಷ್ಟು ಬೆಳಕು ಚದುರಿತು ಎಂದು ನೋಡುವುದು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಕದಡು, ಎನ್‌ಟಿಯು ಎಂಬ ಅಳತೆಯಲ್ಲಿ, 1, ಬೇರೆ ದಾರಿಯಿಲ್ಲದಿದ್ದರೆ 5.

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳ ಹೊಗೆಯ ನಡುವೆ, ಖಾನಾಪುರ ರಸ್ತೆಯ ಮಚ್ಛೆಯ ತನಕ, ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರಿಗೆ ಕಡಿಮೆಯಿಲ್ಲ. ಐದಾರು ನೂರು ರೂಪಾಯಿಯ ಒಂದು ಬೋರ್ಡು, ಅದಕ್ಕೊಂದು ಅಗ್ಗದ ಕದಡು ಸೆನ್ಸರ್, ಊಟದ ಡಬ್ಬಿಯೊಳಗೆ ಕೂಡಿಸಿದ ಬ್ಯಾಟರಿ. ಇಷ್ಟಾದರೆ ಕೊನೆಯ ವರ್ಷದ ಪ್ರಾಜೆಕ್ಟು ಸಿದ್ಧ. ಆದರೆ ಪೇಟೆಯಲ್ಲಿ ಸಿಗುವ ಆ ಅಗ್ಗದ ಸೆನ್ಸರ್ ಮೂಲತಃ ಬಟ್ಟೆ ಒಗೆಯುವ ಮಷೀನಿನದು, ಕೊಳೆ ಹೋಯಿತೋ ಇಲ್ಲವೋ ನೋಡಲು ಮಾಡಿದ್ದು. ಹೊಳೆ ಕೆಂಪಾಗಿದೆ ಎಂದು ಅದು ಖಚಿತವಾಗಿ ಹೇಳುತ್ತದೆ. ಅದನ್ನು ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿದವರೂ ಹೇಳಿಯಾರು. ಲೋಟದ ನೀರು ಒಂದು ಎನ್‌ಟಿಯುವೋ ನಾಲ್ಕೋ ಎಂದು ಕೇಳಿದರೆ ತೊದಲುತ್ತದೆ. ನೀರೊಳಗೆ ಕೆಲವು ವಾರ ಬಿಟ್ಟರೆ ಗಾಜಿಗೆ ಪಾಚಿ ಕಟ್ಟಿ, ತಿಳಿನೀರನ್ನೂ ಕದಡೆಂದು ದೂರುತ್ತದೆ.

ಬೆಳಗಾವಿ ಕುಡಿಯುವುದು ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳ ನೀರು. ರಕ್ಕಸಕೊಪ್ಪ 2475 ಅಡಿ ಮುಟ್ಟಿತೇ ಎಂಬುದು ಮಳೆಗಾಲದಲ್ಲಿ ಊರಿಗೆಲ್ಲ ಸುದ್ದಿ. 2008ರ ಹೊತ್ತಿಗೆ ವಿಶ್ವಬ್ಯಾಂಕಿನ ನೆರವಿನಿಂದ ನಗರದ ಕೆಲವು ಬಡಾವಣೆಗಳಿಗೆ ದಿನವಿಡೀ ನೀರು ಬಂತು. ಉಳಿದ ಗಲ್ಲಿಗಳಲ್ಲಿ ನಳ ಬರುವ ದಿನ ಒಂದು ಮನೆಯಿಂದ “ನೀರ ಬಂತ್ರೆವ್ವಾ!” ಎಂದರೆ ಎದುರು ಮನೆಯಿಂದ “ಪಾಣಿ ಆಲಂ!” ಕೇಳುತ್ತದೆ. ಕೊಡಗಳ ಸದ್ದಿಗೆ ಮಾತ್ರ ಭಾಷೆಯ ಗಡಿಯಿಲ್ಲ. ಮೊದಲ ನೀರನ್ನು ಹೆಂಗಸರು ಗಟಾರಕ್ಕೆ ಬಿಡುತ್ತಾರೆ. ಅದು ಸರಿಯಾದ ವಿಜ್ಞಾನ. ಪೈಪು ಖಾಲಿಯಿದ್ದಾಗ ಒತ್ತಡ ಇಳಿದು, ಬಿರುಕಿನಿಂದ ಹೊರಗಿನ ಹೊಲಸು ಒಳಗೆ ಎಳೆಯಲ್ಪಡುತ್ತದೆ. ಕಣಕುಂಬಿಯ ಮಳೆಯನ್ನೇ ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನಿಂದ ತರಿಸಿಕೊಂಡು ಕುಡಿಯುವ ಹುಬ್ಬಳ್ಳಿ-ಧಾರವಾಡದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಅಳೆದು ನೋಡಿದ್ದರು. ಬಿಟ್ಟು ಬಿಟ್ಟು ಬರುವ ನಳಗಳ ಮಾದರಿಗಳಲ್ಲಿ ಸುಮಾರು ಮೂರರಲ್ಲೊಂದರಲ್ಲಿ ಮಲದ ಸೋಂಕು ತೋರಿಸುವ ಇ-ಕೋಲೈ ಬ್ಯಾಕ್ಟೀರಿಯಾ ಇತ್ತು. ಸದಾ ಬರುವ ನಳಗಳಲ್ಲಿ ಅದು ಅಪರೂಪ.

ಈ ಇ-ಕೋಲೈ ಅಗ್ಗದ ಸೆನ್ಸರಿಗೆ ಕಾಣುವುದಿಲ್ಲ. ಸೆನ್ಸರ್ ಕದಡು, ಉಪ್ಪಿನಂಶ, ಕ್ಲೋರಿನ್ ನೋಡಿ ಊಹಿಸಬೇಕು. ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂಗಿಂತ ಕೆಳಗಿಳಿದರೆ ಅಪಾಯ ಹತ್ತಿರ ಎಂದರ್ಥ. ನೇರವಾಗಿ ನೋಡಬೇಕೆಂದರೆ 1982ರಲ್ಲಿ ವಿಜ್ಞಾನಿ ಮಂಜ ಮತ್ತು ಸಂಗಡಿಗರು ಪ್ರಕಟಿಸಿದ ಪುಟ್ಟ ಬಾಟಲಿಯ ಪರೀಕ್ಷೆಯೇ ವಾಸಿ: ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಮಲದ ಸೋಂಕಿನ ಗುಮಾನಿ. ಬ್ಯಾಟರಿ ಬೇಡ, ಸಿಮ್ ಬೇಡ. ನೀರು ಯಾವಾಗ ಬರುತ್ತದೆಂಬ ಸುದ್ದಿಗೂ ಹುಬ್ಬಳ್ಳಿಯಲ್ಲಿ 2011ರ ಸುಮಾರಿಗೆ ನೆಕ್ಸ್ಟ್‌ಡ್ರಾಪ್ ಎಂಬ ಕಂಪನಿ ನಂಬಿದ್ದು ವಾಲ್‌ಮನ್‌ಗಳ ಫೋನನ್ನು. ಅವರು ವಾಲ್ ತಿರುಗಿಸಿ ಕರೆ ಮಾಡಿದರೆ ಮನೆಮನೆಗೆ ಸಂದೇಶ ಹೋಗುತ್ತಿತ್ತು. ನನಗೆ ಇದು ಎಲ್ಲಕ್ಕಿಂತ ಜಾಣ ಸೆನ್ಸರ್ ಅನ್ನಿಸಿದೆ, ಸಂಬಳ ಕೊಡಬೇಕೆಂಬುದೊಂದೇ ತೊಡಕು.

ನೀರು ಬಿಟ್ಟು ಮೈಗೆ ಬಂದರೂ ಕಥೆ ಬೇರೆಯಲ್ಲ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು 2014ರಿಂದ 2016ರ ತನಕ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ಬಸುರಿಯರ ಬಿಪಿ ನೋಡುವ ‘ಕ್ಲಿಪ್’ ಪ್ರಯೋಗ ನಡೆಸಿದರು. ಆಶಾ ಕಾರ್ಯಕರ್ತೆ ಜಗುಲಿಯ ಮೇಲೆ ಕೂತು, “ಕೈ ಸಡ್ಲ ಬಿಡವ್ವ” ಎಂದು ಪಟ್ಟಿ ಸುತ್ತುವುದು. ಒತ್ತಡ ಏರಿದ್ದರೆ ಆಸ್ಪತ್ರೆಯ ದಾರಿ. ಇನ್ನೊಂದು ಪ್ರಯೋಗದಲ್ಲಿ ಗೋಕಾಕ ಭಾಗಕ್ಕೆ ಬಂದ ‘ಕ್ರೇಡಲ್’ ಯಂತ್ರ ಅಂಕಿ ಓದಬೇಕಾದ ಕಷ್ಟವನ್ನೂ ತೆಗೆಯಿತು. ಹಸಿರು, ಹಳದಿ, ಕೆಂಪು ದೀಪ ಅದರಲ್ಲೇ ಇದೆ, ಚಾರ್ಜಿಗೆ ಮೊಬೈಲಿನ ವೈರು ಸಾಕು. ಫಲಿತಾಂಶಗಳು ಹುಮ್ಮಸ್ಸಿಗೆ ತಣ್ಣೀರೆರಚಿದವು. ಒಟ್ಟು ಲೆಕ್ಕದಲ್ಲಿ ಯಂತ್ರವೊಂದರಿಂದಲೇ ಸಾವು-ನೋವು ಇಳಿಯಿತೆಂದು ಎರಡೂ ಪ್ರಯೋಗಗಳಲ್ಲಿ ಸಾಬೀತಾಗಲಿಲ್ಲ. ಆದರೆ ಭಾರತ, ಪಾಕಿಸ್ತಾನ, ಮೊಜಾಂಬಿಕ್‌ನ ಕ್ಲಿಪ್ ಲೆಕ್ಕ ಕೂಡಿಸಿದಾಗ, ಎಂಟು ಅಥವಾ ಹೆಚ್ಚು ಸಲ ಭೇಟಿಯಾದ ಬಸುರಿಯರಲ್ಲಿ ಹೊಟ್ಟೆಯಲ್ಲೇ ಮಗು ಸಾಯುವುದು ಕಡಿಮೆಯಿತ್ತು.

ಎಂಟು ಸಲ ಹೋಗುವುದೆಂದರೆ ಖಾನಾಪುರದ ಕಾಡಂಚಿನಲ್ಲಿ ಸಣ್ಣ ಮಾತಲ್ಲ. ಭೀಮಗಡ ಅಭಯಾರಣ್ಯದೊಳಗಿನ ಆಮಗಾಂವದಿಂದ 2024ರ ಮಳೆಗಾಲದಲ್ಲಿ ಕಾಯಿಲೆ ಬಿದ್ದ ಹೆಣ್ಣುಮಗಳೊಬ್ಬರನ್ನು ಊರವರು ಕಿಲೋಮೀಟರುಗಟ್ಟಲೆ ಹೊತ್ತು ತಂದಿದ್ದು ನಾಡಿಗೆಲ್ಲ ಸುದ್ದಿಯಾಗಿತ್ತು. ಫೋನಿನ ಸಿಗ್ನಲ್ಲೂ ಅಲ್ಲಿ ಅಪರೂಪ. ಪರವಾನಗಿ ಬೇಡದ 865ರಿಂದ 868 ಮೆಗಾಹರ್ಟ್ಸ್ ತರಂಗಗಳಲ್ಲಿ, ಲೋರಾ ಎಂಬ ಅಗ್ಗದ ರೇಡಿಯೊ ಮೂಲಕ, ಕೆಂಪು ದೀಪದ ಸುದ್ದಿಯನ್ನು ಸಿಮ್ ಇಲ್ಲದೆಯೂ ಮೈಲುಗಟ್ಟಲೆ ದಾಟಿಸಬಹುದು. ಅದಕ್ಕೆ ಎತ್ತರದಲ್ಲೊಂದು ಕಂಬ ನೆಡಬೇಕು. ಅಭಯಾರಣ್ಯದಲ್ಲಿ ಕಂಬ ನೆಡಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ಆ ಅರ್ಜಿ ರಸ್ತೆ ಕೇಳಿದ ಅರ್ಜಿಗಳ ಹಿಂದೆ ಸಾಲು ನಿಲ್ಲಬೇಕಾಗುತ್ತದೆ.