ಮರೀನಾ ದಂಡೆ ಮತ್ತು ಅದರ ಹಳೆಯ ಒಕ್ಕಲು

ಚೆನ್ನೈಗೆ ಹೋದ ಕನ್ನಡಿಗನು ಮರೀನಾ ದಂಡೆಯನ್ನು ಕಾಣದೆ ಊರಿಗೆ ಮರಳುವದು ಅಪರೂಪ. ಬಳ್ಳಾರಿಯು 1953ರ ವರೆಗೂ, ದಕ್ಷಿಣ ಕನ್ನಡವು 1956ರ ವರೆಗೂ ಮದರಾಸಿನ ಆಡಳಿತಕ್ಕೆ ಸೇರಿದ್ದುದರಿಂದ, ಓದಿಗೆಂದೋ ಕಚೇರಿಯ ಕೆಲಸಕ್ಕೆಂದೋ ಅಲ್ಲಿಗೆ ಹೋಗುತ್ತಿದ್ದ ನಮ್ಮ ಹಿರಿಯರಿಗೂ ಆ ಮರಳಿನ ಪರಿಚಯವಿದ್ದಿತು. ಸಂಜೆಯ ಗಾಳಿ, ಸುಂಡಲು, ಕುದುರೆಸವಾರಿ, ಮಕ್ಕಳ ಗದ್ದಲ, ಇವು ಸರ್ವರೂ ಬಲ್ಲ ಸಂಗತಿಗಳು. ಆದರೆ ದೀಪಸ್ತಂಭವನ್ನು ದಾಟಿ ತೆಂಕಣಕ್ಕೆ ನಡೆದು, ನೊಚ್ಚಿಕುಪ್ಪವನ್ನು ಕಂಡು ಬರುವವರು ವಿರಳ. ಕುಪ್ಪವೆಂದರೆ ತಮಿಳಿನಲ್ಲಿ ಮೀನುಗಾರರ ಹಳ್ಳಿ. ನಡುಕುಪ್ಪ, ಅಯೋಧ್ಯಾಕುಪ್ಪ ಮೊದಲಾಗಿ ಇಂತಹ ಹಲವು ಹಳ್ಳಿಗಳು ಮಹಾನಗರದ ಮಡಿಲಿನಲ್ಲಿಯೇ ಉಳಿದುಕೊಂಡಿವೆ.

ಈ ವಿಶಾಲವಾದ ಮರಳದಂಡೆಯು ಅನಾದಿಯಾದುದೇನೂ ಅಲ್ಲ. 1875ರಲ್ಲಿ ಮದರಾಸು ಬಂದರಿನ ಕೆಲಸ ಆರಂಭವಾಗಿ ಕಡಲೊಳಕ್ಕೆ ಕಲ್ಲಿನ ಗೋಡೆಗಳೆದ್ದವು. ತೆಂಕಣದಿಂದ ಬಡಗಣಕ್ಕೆ ಅಲೆಗಳೊಡನೆ ಸಾಗುತ್ತಿದ್ದ ಮರಳು ಅಲ್ಲಿ ತಡೆದು ನಿಂತಿತು. ವರ್ಷದಿಂದ ವರ್ಷಕ್ಕೆ ದಂಡೆ ಹಿಗ್ಗಿತು. ಬಂದರಿನ ಬಡಗಣ ದಿಕ್ಕಿನಲ್ಲಾದರೋ ಮರಳು ಬಾರದೆ ಕಡಲು ನೆಲವನ್ನು ಕೊರೆಯಿತು. ಒಂದು ಕಡೆಯ ವಿಹಾರಭೂಮಿಗೆ ಇನ್ನೊಂದು ಕಡೆಯ ಮೀನುಗಾರರು ತಮ್ಮ ತೀರವನ್ನೇ ತೆತ್ತರೆಂದರೆ ಅತಿಶಯೋಕ್ತಿಯಾಗದು. ಗವರ್ನರ್ ಗ್ರಾಂಟ್ ಡಫ್ಫನು 1884ರ ಸುಮಾರಿಗೆ ವಿಹಾರಮಾರ್ಗವನ್ನು ಮಾಡಿಸಿ, ಅದಕ್ಕೆ ಮರೀನಾ ಎಂಬ ಇಟಲಿಯ ಹೆಸರನ್ನಿಟ್ಟನು. ಆದರೆ 1639ರಲ್ಲಿ ಕಂಪನಿಯವರು ಈ ಕರಾವಳಿಯಲ್ಲಿ ನೆಲ ಪಡೆದಾಗಲೇ ಇಲ್ಲಿ ಮೀನುಗಾರರ ವಾಸವಿದ್ದಿತೆಂಬುದನ್ನು ಮರೆಯಲಾಗದು.

ರಾಷ್ಟ್ರದ ಚರಿತ್ರೆಗೂ ಈ ಮರಳು ಸಾಕ್ಷಿಯಾಗಿದೆ. 1920ರ ಆಗಸ್ಟ್ 12ರಂದು ಮಹಾತ್ಮರು ಪ್ರೆಸಿಡೆನ್ಸಿ ಕಾಲೇಜಿನ ಎದುರಿನ ಈ ದಂಡೆಯಲ್ಲಿಯೇ ಅಸಹಕಾರದ ಸಂದೇಶವನ್ನು ಸಾರಿದರು. ಒಂದು ವಾರದ ತರುವಾಯ ಅದೇ ಸಂದೇಶವನ್ನು ಹೊತ್ತು ಮಂಗಳೂರಿಗೆ ಬಂದರು. ಇಲ್ಲಿ 1959ರಲ್ಲಿ ಸ್ಥಾಪಿತವಾದ, ದೇವಿಪ್ರಸಾದ ರಾಯಚೌಧುರಿಯವರ ಶ್ರಮವಿಜಯದ ಶಿಲ್ಪವು ಬಂಡೆಯನ್ನು ಮೀಟುವ ನಾಲ್ವರು ದುಡಿಮೆಗಾರರದು. ಆ ಶಿಲ್ಪಕ್ಕೆ ಕೈಮುಗಿಯುವ ನಾವು, ಅಲ್ಲಿಂದ ಕೂಗಳತೆಯಲ್ಲಿ ಬಲೆ ಹೆಣೆಯುತ್ತಿರುವ ಜೀವಂತ ಶ್ರಮವನ್ನು ಯಾವ ದೃಷ್ಟಿಯಿಂದ ನೋಡುತ್ತಿದ್ದೇವೆ?

ಬೆಳಗಿನ ಜಾವ ಆ ತೀರದಲ್ಲಿ ನಿಂತು ನೋಡಿದರೆ ವಿಷಯವು ಸ್ಪಷ್ಟವಾಗುವದು. ಹಿಂದಿನ ಕಟ್ಟುಮರಗಳ ಸ್ಥಾನದಲ್ಲಿ ಈಗ ಬಹುಮಟ್ಟಿಗೆ ಯಂತ್ರ ಕೂಡಿಸಿದ ಫೈಬರ್ ದೋಣಿಗಳು. ಅಲೆಗಳನ್ನು ಸೀಳಿ ಬಂದ ದೋಣಿಯನ್ನು ನಾಲ್ಕಾರು ಮಂದಿ ಮರಳಿಗೆ ನೂಕಬೇಕು. ಬಲೆಯನ್ನು ಹರಡಿ ಮೀನು ಬಿಡಿಸಬೇಕು, ಹರಿದುದನ್ನು ಹೆಣೆಯಬೇಕು, ಒಣಗಿಸಬೇಕು. ನಮ್ಮ ಕರಾವಳಿಯವರು ಅಂಜಲೆನ್ನುವ ವಂಜರವೇ ಇರಲಿ, ಸಣ್ಣ ಮೀನುಗಳೇ ಇರಲಿ, ಅವನ್ನು ಹೆಂಗಸರು ದೋಣಿಯ ಮಗ್ಗುಲಿನಲ್ಲಿಯೇ ಕೊಂಡು, ಹತ್ತು ಹೆಜ್ಜೆಯಾಚೆ ಮಾರುವರು. ಮೀನಿನ ಬೆಲೆಯು ಅದರ ತಾಜಾತನದಲ್ಲಿದೆ. ದಂಡೆ, ಮನೆ, ಅಂಗಡಿ ಈ ಮೂರೂ ಒತ್ತಿಗಿದ್ದರೇ ಬದುಕು. ನಮಗೆ ವಿಹಾರಸ್ಥಳವಾದುದು ಅವರಿಗೆ ರೈತನ ಕಣವಿದ್ದಂತೆ.

ಈ ಕಣದಿಂದ ಅವರನ್ನು ಒಕ್ಕಲೆಬ್ಬಿಸುವ ಯತ್ನಗಳು ಇಂದಿನವಲ್ಲ. 1985ರಲ್ಲಿ ಸೌಂದರ್ಯವರ್ಧನೆಯ ಹೆಸರಿನಲ್ಲಿ ದೋಣಿ ಬಲೆಗಳನ್ನು ತೆರವು ಮಾಡಹೊರಟಾಗ ಪ್ರತಿಭಟನೆ ನಡೆದು, ಪೋಲೀಸರ ಗುಂಡಿಗೆ ಜೀವಗಳು ಬಲಿಯಾದವು. 2004ರ ಡಿಸೆಂಬರ್ 26ರಂದು ಸುನಾಮಿಯು ಇದೇ ತೀರಕ್ಕೆ ಅಪ್ಪಳಿಸಿತು. 2017ರ ಜನವರಿಯಲ್ಲಿ ಜಲ್ಲಿಕಟ್ಟಿನ ಚಳವಳಿಯು ಕೊನೆಗಂಡ ದಿನ ನಡುಕುಪ್ಪದ ಮೀನುಪೇಟೆಗೆ ಬೆಂಕಿ ಬಿದ್ದಿತು. 2023ರಲ್ಲಿ ಕುಪ್ಪದ ಮೂಲಕ ಹಾಯುವ ರಸ್ತೆಯ ಅಂಚಿನ ಮೀನಂಗಡಿಗಳು ವಾಹನ ಸಂಚಾರಕ್ಕೆ ಅಡ್ಡಿಯೆಂದು ಮದರಾಸು ಹೈಕೋರ್ಟು ತಾನಾಗಿ ಪ್ರಕರಣವನ್ನೆತ್ತಿಕೊಳ್ಳಲು, ಅಂಗಡಿಗಳನ್ನು ಕಿತ್ತರು; ಮೀನುಗಾರರು ಬೀದಿಗಿಳಿದರು. 2024ರಲ್ಲಿ ಅಲ್ಲಿಯೇ ಹೊಸ ಮೀನುಪೇಟೆಯು ತೆರೆಯಿತು.

ಸಂಚಾರವು ಸುಗಮವಾಗಬೇಕು, ತೀರವು ಶುಚಿಯಾಗಿರಬೇಕು ಎಂಬ ಅಧಿಕಾರಿಗಳ ಮಾತು ತಪ್ಪಲ್ಲ. ರಸ್ತೆಯ ಅಂಚಿಗಿಂತ ನೀರು ನೆರಳುಗಳುಳ್ಳ ಪೇಟೆಯು ಮಾರುವವರಿಗೂ ಮೇಲೇ. ಆದರೆ ಹಳ್ಳಿಯ ನಡುವೆ ರಸ್ತೆ ಹಾಯಿತೋ, ರಸ್ತೆಯ ನಡುವೆ ಹಳ್ಳಿ ಬಂದಿತೋ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು. ಪೇಟೆ ಕಟ್ಟಿ ದೋಣಿಯ ನೆಲೆಯನ್ನು ಕಳೆದರೆ ಮಾರುವದೇನನ್ನು?

ಇದು ತಮಿಳುನಾಡಿನ ಮಾತೆಂದು ನಾವು ಸುಮ್ಮನಿರಲಾಗದು. ನಮ್ಮ ಕರಾವಳಿಯಲ್ಲಿ ಊರೇ ಕೂಡಿ ಎಳೆಯುತ್ತಿದ್ದ ರಂಪಣಿ ಬಲೆಯು 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಮೂಲೆಗೆ ಸರಿಯಿತು. ಈಗ ಮಲ್ಪೆ, ಕಾರವಾರಗಳ ತೀರಕ್ಕೆ ಪ್ರವಾಸಿಗರು ಹರಿದು ಬರುತ್ತಿದ್ದಾರೆ. ಬರಲಿ, ಸಂತೋಷವೇ. ಆದರೆ ಉದ್ಯಾನದ ನಕ್ಷೆಯನ್ನು ಬರೆಯುವ ಮುಂಚೆ, ದೋಣಿ ನಿಲ್ಲುವ, ಬಲೆ ಒಣಗುವ, ಮೀನು ಮಾರುವ ನೆಲವನ್ನು ಮೀನುಗಾರರನ್ನೇ ಕೇಳಿ ಅಳೆದು ದಾಖಲೆಯಲ್ಲಿ ಕಾಣಿಸತಕ್ಕದ್ದು. ಕರಾವಳಿ ನಿಯಂತ್ರಣದ 2011ರ ಅಧಿಸೂಚನೆಯೂ ಮೀನುಗಾರ ಸಮುದಾಯಗಳ ಜೀವನೋಪಾಯದ ಭದ್ರತೆಯನ್ನು ತನ್ನ ಉದ್ದೇಶಗಳಲ್ಲೊಂದಾಗಿ ಹೇಳಿತ್ತು. ಗಾಳಿ ತೆಗೆದುಕೊಳ್ಳಲು ಬಂದವನು ಸಂಜೆಗೆ ಮನೆಗೆ ಮರಳುವನು. ದಂಡೆಯೇ ಮನೆಯಾದವನು ಎಲ್ಲಿಗೆ ಹೋಗಬೇಕು? ಇದನ್ನು ಯೋಚಿಸಿ ನಡೆಯುವದು ಆಡಳಿತಕ್ಕೆ ಶೋಭೆ.