ಶಿಲಾನ್ಯಾಸದ ಗೌಜಿ, ಕಲಶದವರೆಗಿನ ಹೊಣೆ

ಕಾಸರಗೋಡು: ನಮ್ಮ ಊರುಗಳಲ್ಲಿ ದೇವಸ್ಥಾನಕ್ಕೆ ಹೊಸ ಕಲ್ಲು ಇಡುವುದೆಂದರೆ ಮನೆಮನೆಯ ಕಾರ್ಯಕ್ರಮ. ಗಡಿಯಾಚೆಗೆ ಮದುವೆಯಾಗಿ ಹೋದ ಮಗಳಿಗೂ ಗಲ್ಫಿನಲ್ಲಿರುವ ಮಗನಿಗೂ ಕನ್ನಡದಲ್ಲಿ ಅಚ್ಚಾದ ವಿಜ್ಞಾಪನಾ ಪತ್ರ ಹೋಗುತ್ತದೆ. "ಸುರು ಆಗ್ತದಂತೆ" ಎಂಬ ಒಂದು ಮಾತು ಸಾಕು, ಊರವರು ಅಂಗಳಕ್ಕೆ ಇಳಿಯುತ್ತಾರೆ.

ಕಲ್ಲಿಗಿಂತ ಮೊದಲೇ ಕೆಲಸ ಆರಂಭವಾಗಿರುತ್ತದೆ. ಅಷ್ಟಮಂಗಲ ಪ್ರಶ್ನೆ ಇಟ್ಟು, ದೇವರ ಅನುಜ್ಞೆ ಪಡೆದು, ಸಾನ್ನಿಧ್ಯವನ್ನು ಬಾಲಾಲಯಕ್ಕೆ ತರುತ್ತಾರೆ. ಆ ಮೇಲೆ ಹಳೆಯ ಗುಡಿ ಬಿಚ್ಚುವುದು, ಶಿಲಾನ್ಯಾಸ. ಗರ್ಭಗುಡಿಯ ನಡುವೆ ನೆಲದಡಿಯಲ್ಲಿ ಷಡಾಧಾರ ಪ್ರತಿಷ್ಠೆ ನಡೆಯುತ್ತದೆ: ಆಧಾರಶಿಲೆ, ಅದರ ಮೇಲೆ ನಿಧಿಕುಂಭ, ಪದ್ಮ, ಕೂರ್ಮ, ಯೋಗನಾಳ, ಕೊನೆಗೆ ನಪುಂಸಕ ಶಿಲೆ.

ಊರವರ ಮನಸ್ಸು ಹೆಚ್ಚು ಕರಗುವುದು ನಿಧಿಕುಂಭದ ಮುಂದೆ. ಉಳ್ಳವರು ಚಿನ್ನ ಬೆಳ್ಳಿ ಹಾಕಿದರೆ, ಅಜ್ಜಿಯಂದಿರು ಸೆರಗಿನ ಗಂಟು ಬಿಚ್ಚಿ ನಾಣ್ಯ ಹಾಕುತ್ತಾರೆ. ಮೇಲೆ ಕಲ್ಲು ಕೂತ ಮೇಲೆ ಯಾರು ಎಷ್ಟು ಹಾಕಿದರೆಂದು ಕಾಣುವುದಿಲ್ಲ. ಅಲ್ಲಿ ಹೆಸರಿನ ಫಲಕವೂ ಇಲ್ಲ.

ಕಷ್ಟ ಬರುವುದು ಆ ಮೇಲೆ. ಮುರಕಲ್ಲು, ಶಿಲೆ, ಮರ, ತಾಮ್ರದ ಹೊದಿಕೆ, ಶಿಲ್ಪಿಗಳ ಕೂಲಿ, ಒಂದೊಂದಕ್ಕೂ ಹಣ ಹೊಂದಿಸಬೇಕು. ಮಳೆಗಾಲದಲ್ಲಿ ಕೆಲಸ ನಿಲ್ಲುತ್ತದೆ. ಅಡಿಕೆಗೆ ಕೊಳೆರೋಗ ಬಂದ ವರ್ಷ ವಾಗ್ದಾನ ಮಾಡಿದವರೂ "ಬರುವ ವರ್ಷ ನೋಡುವಾ" ಅನ್ನುತ್ತಾರೆ. ಅಷ್ಟು ಸಮಯ ದೇವರು ಬಾಲಾಲಯದಲ್ಲೇ. ಸಾಮಾನ್ಯವಾಗಿ ನಿತ್ಯಪೂಜೆ ಬಿಟ್ಟರೆ ಜಾತ್ರೆಯ ಗೌಜಿ ಇಲ್ಲ. ಕಲಶ ನೋಡಿಯೇ ಕಣ್ಣು ಮುಚ್ಚಬೇಕು ಎಂದು ಕಾದ ಹಿರಿಯರಲ್ಲಿ ಎಲ್ಲರಿಗೂ ಆ ಭಾಗ್ಯ ಸಿಗುವುದಿಲ್ಲ.

ಕಾದರೆ ಫಲ ಉಂಟು ಎಂಬುದಕ್ಕೆ ಮಧೂರು ಕಣ್ಣೆದುರೇ ಇದೆ. ಅಡೂರು, ಮಧೂರು, ಕಾವು, ಕಣ್ಯಾರ ಎಂದು ಕುಂಬಳೆ ಸೀಮೆಯವರು ಹೇಳುವ ನಾಲ್ಕು ದೇವಸ್ಥಾನಗಳಲ್ಲಿ ಇದೂ ಒಂದು. ಮಧುವಾಹಿನಿ ಹೊಳೆಯ ದಡದ ಮದನಂತೇಶ್ವರ ಸಿದ್ಧಿವಿನಾಯಕ ದೇವಸ್ಥಾನದ ಜೀರ್ಣೋದ್ಧಾರ ವರ್ಷಗಟ್ಟಲೆ ನಡೆಯಿತು. 2025ರ ಮಾರ್ಚ್ ಕೊನೆಗೆ ಆರಂಭವಾಗಿ ಏಪ್ರಿಲ್ ಮೊದಲ ವಾರದವರೆಗೆ ಬ್ರಹ್ಮಕಲಶೋತ್ಸವ ಜರಗಿತು. 1992ರ ನಂತರ ಮೂಡಪ್ಪ ಸೇವೆ ಕಂಡದ್ದೂ ಆಗಲೇ. ಮಹಾಗಣಪತಿಯನ್ನು ಅಪ್ಪಗಳಿಂದ ಮುಚ್ಚುವ ಆ ಸೇವೆಗೆ ಒಂದು ತಲೆಮಾರು ಕಾಯಬೇಕಾಯಿತು. 1992ರಲ್ಲಿ ಅಪ್ಪನ ಹೆಗಲೇರಿ ನೋಡಿದ ಮಕ್ಕಳು ಈ ಸಲ ತಮ್ಮ ಮಕ್ಕಳನ್ನು ಕರೆದುಕೊಂಡು ಬರುವ ಪ್ರಾಯಕ್ಕೆ ಬಂದಿದ್ದರು.

ಅದೇ ಮಧೂರಿನ ಸ್ಥಳಪುರಾಣದಲ್ಲಿ ಲಿಂಗವನ್ನು ಮೊದಲು ಕಂಡವಳು ಹುಲ್ಲು ಕೊಯ್ಯಲು ಹೋದ ಮದರು ಎಂಬ ಹೆಂಗಸು. ದೇವಸ್ಥಾನ ಕಟ್ಟುವ ಕೆಲಸದಲ್ಲಿ ಯಾರನ್ನೂ ಹೊರಗಿಡಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾಗಿ ಕಲ್ಲು ಇಡಲು ಹೊರಟ ಊರವರಲ್ಲಿ ಒಂದು ವಿನಂತಿ. ಸಮಿತಿಯವರು ಲೆಕ್ಕವನ್ನು ಎಲ್ಲರಿಗೂ ಕಾಣುವ ಹಾಗೆ ಬೋರ್ಡಿನಲ್ಲಿ ಹಾಕಲಿ. ಹಣ ಕೊಡಲಾಗದವರು ಒಂದು ಭಾನುವಾರ ಶ್ರಮದಾನಕ್ಕೆ ಬರಲಿ. ಮಕ್ಕಳನ್ನೂ ಕರೆತನ್ನಿ. ಇಂದು ಮಣ್ಣಿನ ಬುಟ್ಟಿ ದಾಟಿಸಿದ ಕೈಗಳೇ ನಾಳೆ ಕಲಶದ ಹೊರೆಕಾಣಿಕೆ ಹೊರಬೇಕಾದವು.