ಚಿಪ್ ಇದೆ, ಲಿನಕ್ಸ್‌ಗೆ ಕಾಣುತ್ತಿಲ್ಲ

ಕೋಲ್ಕತ್ತದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗೆ ಚಿಪ್ಪು, ಜಂಪರ್ ವೈರು ಬೇಕಾದರೆ ಚಾಂದನಿ ಚೌಕದ ಅಂಗಡಿಗಳಿಗೆ ಹೋಗುತ್ತಾರೆ. ಅಲ್ಲಿಂದ ಎಂಸಿಪಿ3008 ತಂದು ರಾಸ್ಪ್‌ಬೆರಿ ಪೈಗೆ ಜೋಡಿಸಿದಿರಿ ಎನ್ನೋಣ. ಎಂಟು ಸೆನ್ಸರ್‌ಗಳ ವೋಲ್ಟೇಜನ್ನು 0ಯಿಂದ 1023ರವರೆಗಿನ ಅಂಕಿಯಾಗಿಸುವ ಚಿಪ್ ಅದು. ವೈರಿಂಗ್ ಸರಿಯಿದೆ. ಆದರೂ ಲಿನಕ್ಸ್‌ಗೆ ಚಿಪ್ ಇರುವುದೇ ಗೊತ್ತಿಲ್ಲ.

ಯುಎಸ್‌ಬಿ ಪೆನ್‌ಡ್ರೈವ್ ಚುಚ್ಚಿದೊಡನೆ ತಾನು ಯಾರೆಂದು ಹೇಳಿಕೊಳ್ಳುತ್ತದೆ. ನಮ್ಮ ಚಿಪ್ ಬಳಸುವ, 1980ರ ದಶಕದಲ್ಲಿ ಮೊಟೊರೊಲಾ ರೂಪಿಸಿದ ಎಸ್‌ಪಿಐ ಸಂಪರ್ಕದಲ್ಲಿ ಆ ಏರ್ಪಾಡಿಲ್ಲ. ಕ್ಲಾಕ್‌ಗೊಂದು ತಂತಿ, ಮಾಹಿತಿ ಹೋಗಲೊಂದು, ಬರಲೊಂದು, ಚಿಪ್ಪನ್ನು ಆರಿಸಲೊಂದು (ಚಿಪ್‌ಸೆಲೆಕ್ಟ್), ಅಷ್ಟೇ. ತಂತಿಯ ಆ ತುದಿಯಲ್ಲಿ ಏನಿದೆ ಎಂದು ಕರ್ನಲ್‌ಗೆ ನಾವೇ ಬರೆದು ಕೊಡಬೇಕು. ಆ ಬರಹವೇ ಡಿವೈಸ್ ಟ್ರೀ. ಮೊದಲು ಎಆರ್‌ಎಂ ಬೋರ್ಡುಗಳ ಇಂಥ ವಿವರ ಕರ್ನಲ್‌ನ ಸಿ ಕೋಡಿನಲ್ಲೇ ತುಂಬಿಕೊಂಡಿತ್ತು. 2011ರಲ್ಲಿ ಲಿನಕ್ಸ್ ಜನಕ ಲೈನಸ್ ಟೋರ್ವಾಲ್ಡ್ಸ್ ಸಿಡಿಮಿಡಿಗೊಂಡ ಮೇಲೆ ಅದನ್ನು ಹೊರಗೆ ಸಾಗಿಸುವ ಕೆಲಸ ಬಿರುಸಾಯಿತು.

ಹೀಗಾಗಿ ಮಲ್ಟಿಮೀಟರ್ ಹಿಡಿಯುವ ಮುನ್ನ ಕರ್ನಲ್ ಲಾಗ್ ಓದಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಚಿಪ್‌ಸೆಲೆಕ್ಟ್ 0 ಆಗಲೇ ಬಳಕೆಯಲ್ಲಿದೆ ಎಂಬರ್ಥದ ಸಾಲು ಅಲ್ಲಿದ್ದರೆ ಅರ್ಧ ಕೆಲಸ ಮುಗಿಯಿತು. ಪೈಯಲ್ಲಿ ಎಸ್‌ಪಿಐ ಆನ್ ಮಾಡಿದರೆ ಸ್ಪೈಡೆವ್ ಎಂಬ ಸಾಮಾನ್ಯ ಡ್ರೈವರ್ 0 ಮತ್ತು 1 ಎರಡೂ ಜಾಗ ಹಿಡಿದು ಕೂರುತ್ತದೆ. ಡಿವೈಸ್ ಟ್ರೀಯಲ್ಲಿ ನಮ್ಮ ಚಿಪ್ಪಿನ ವಿವರವಿರುವ ನೋಡ್‌ನಲ್ಲೂ ರೆಗ್ 0, ಅಂದರೆ ಅದೇ ಜಾಗ, ಎಂದಿದ್ದರೆ ಅದಕ್ಕೆ ಪ್ರವೇಶವಿಲ್ಲ. ಸ್ಪೈಡೆವ್ ನೋಡ್‌ನ ಸ್ಟೇಟಸ್ ಸಾಲಿನಲ್ಲಿ ಡಿಸೇಬಲ್ಡ್ ಎಂದು ಬರೆದರೆ ಜಾಗ ತೆರವಾಗುತ್ತದೆ. ಇದಕ್ಕಿಂತ ಕಾಡುವುದು ಸದ್ದಿಲ್ಲದ ತಪ್ಪು. ಕಂಪ್ಯಾಟಿಬಲ್ ಸಾಲಿನಲ್ಲಿ ಚಿಪ್ಪಿನ ಹೆಸರಿನ ಒಂದಕ್ಷರ ಹೆಚ್ಚುಕಡಿಮೆಯಾದರೆ ಡ್ರೈವರ್ ಅಂಟಿಕೊಳ್ಳುವುದಿಲ್ಲ, ಲಾಗ್‌ನಲ್ಲಿ ದೂರೂ ಇರುವುದಿಲ್ಲ. ನೀವು ತಿದ್ದಿದ್ದೇ ಬೂಟ್ ಆಗಿದೆಯೇ ಎಂಬುದನ್ನು /ಪ್ರೊಕ್/ಡಿವೈಸ್-ಟ್ರೀ ಫೋಲ್ಡರಿನಲ್ಲಿ ನೋಡಿ. ಕರ್ನಲ್ ಕೈಯಲ್ಲಿರುವ ಪ್ರತಿ ಅದು.

ಬೋರ್ಡಿನ ಮೇಲೇ ಅನುಮಾನವಿದ್ದರೆ ಚಿಪ್ ಕಳಚಿ, ಸ್ಪೈಡೆವ್ ಮರಳಿ ತಂದು, ಮಾಹಿತಿ ಹೋಗುವ 19ನೇ ಮತ್ತು ಬರುವ 21ನೇ ಪಿನ್‌ಗಳನ್ನು ಒಂದು ಜಂಪರ್‌ನಿಂದ ಸೇರಿಸಿ. ಕಳಿಸಿದ ಬೈಟ್‌ಗಳೇ ವಾಪಸ್ ಬಂದರೆ ಆ ಎರಡು ಪಿನ್ ಸರಿಯಿವೆ. ಇದನ್ನು ಅತಿಯಾಗಿ ನಂಬಬಾರದು, ಏಕೆಂದರೆ 23ನೇ ಪಿನ್ನಿನ ಕ್ಲಾಕ್ ತಂತಿಯಾಗಲಿ 24ರ ಚಿಪ್‌ಸೆಲೆಕ್ಟ್ ತಂತಿಯಾಗಲಿ ತುಂಡಾಗಿದ್ದರೂ ಈ ಪರೀಕ್ಷೆ ಪಾಸಾಗುತ್ತದೆ.

ಡ್ರೈವರ್ ಬಂದು ಅಂಕಿಗಳು ಮಾತ್ರ ಹುಚ್ಚಾಪಟ್ಟೆ ಕುಣಿಯುತ್ತಿದ್ದರೆ ಚಿಪ್ಪಿನ ನೋಡ್‌ನಲ್ಲಿರುವ ವೇಗದ ಸಾಲು ನೋಡಿ. ಈ ಚಿಪ್ 5 ವೋಲ್ಟ್‌ನಲ್ಲಿ 3.6 ಮೆಗಾಹರ್ಟ್ಸ್ ತಾಳಿಕೊಳ್ಳುತ್ತದೆ, 2.7 ವೋಲ್ಟ್‌ನಲ್ಲಿ 1.35 ಮಾತ್ರ. ಪೈ ಕೊಡುವ 3.3 ವೋಲ್ಟ್‌ಗೆ ಜೋಡಿಸಿದಾಗ 13,50,000 ಹರ್ಟ್ಸ್ ದಾಟಿ ಬರೆಯದಿರುವುದೇ ಕ್ಷೇಮ.